ಅಜ್ಜ ಕಾಶಿಯಲ್ಲಿ ಬಿಟ್ಟ ಬದನೆಕಾಯಿ

ಬೇರೆ ಊರುಗಳಲ್ಲಿ ಇತಿಹಾಸದ ಮೇಷ್ಟ್ರಿಗೆ ಮಕ್ಕಳ ಕಾಟ, ಕಾಶಿಯಲ್ಲಿ ಇತಿಹಾಸದ್ದೇ ಕಾಟ. ಎಪ್ಪತ್ತರ ದಶಕದಲ್ಲಿ ನಾನು ಅಲ್ಲಿ ಕೇದಾರ ಘಾಟಿನ ಹತ್ತಿರದ ಹೈಸ್ಕೂಲೊಂದರಲ್ಲಿ ಸಮಾಜ ಪಾಠದ ಮೇಷ್ಟ್ರು, ಅದೂ ಟೆಂಪರರಿ. ಶಾಲಾ ಇನ್ಸ್‌ಪೆಕ್ಟರ್ ಬಂದು ಪಾಠ ಒಪ್ಪಿದರೆ ಕಾಯಂ, ಇಲ್ಲದಿದ್ದರೆ ಅಮ್ಮನನ್ನು ಕರೆದುಕೊಂಡು ವಾಪಸ್ ಮೈಸೂರು. ಹೆದರಿ ಹೆದರಿಯೇ ಪಾಠ ಮಾಡುತ್ತಿದ್ದೆ. ಆದರೂ ಹೀಗೆಲ್ಲ ಆಗುತ್ತಲೇ ಇತ್ತು.

ಕೊತ್ವಾಲ

ಪೌರನೀತಿ ಪರೀಕ್ಷೆಯಲ್ಲಿ "ನಗರದ ಪೊಲೀಸರ ಮುಖ್ಯಸ್ಥರು ಯಾರು?" ಎಂದು ಕೇಳಿದ್ದೆ. ಅರ್ಧ ತರಗತಿ "ಕಾಲಭೈರವ" ಎಂದು ಬರೆದಿತ್ತು. ಸೊನ್ನೆ ಹಾಕಿದೆ.

ಮರುದಿನ ಏಳು ಜನ ತಂದೆಯರು ಒಟ್ಟಿಗೆ ಬಂದರು. "ಕಾಶಿಯ ಕೊತ್ವಾಲ ಭೈರವ ಅಲ್ಲದೆ ಮತ್ಯಾರು ಮಾಸ್ಟರ್‌ಜಿ? ನೀವು ದಕ್ಷಿಣದವರು, ನಿಮಗೆ ತಿಳಿಯದು." ಹೆಡ್ಮಾಸ್ಟರು ಅವರ ಮುಖ ನೋಡಿದರು, ನನ್ನ ಮುಖ ನೋಡಿದರು, "ಅರ್ಧ ಅಂಕ ಕೊಡಿ" ಅಂದರು.

ನನಗೆ ಸಮಾಧಾನವಾಗಲಿಲ್ಲ. ಪೊಲೀಸರನ್ನೇ ಕೇಳಿಬಿಡೋಣ ಎಂದು ಠಾಣೆಗೆ ಹೋದೆ. ಠಾಣೆಯ ಅಧಿಕಾರಿ ದಾರೋಗಾ ಪಾನ್ ಅಗಿಯುತ್ತ ಎಲ್ಲ ಕೇಳಿಸಿಕೊಂಡರು. "ಮಕ್ಕಳು ಬರೆದದ್ದೇ ಸರಿ ಮಾಸ್ಟರ್‌ಜಿ. ನಮಗೆಲ್ಲ ಮೂರು ವರ್ಷಕ್ಕೊಮ್ಮೆ ವರ್ಗ. ಇಲ್ಲಿ ಪರ್ಮನೆಂಟ್ ಅಂದರೆ ಅವರೊಬ್ಬರೇ."

ಟೆಂಪರರಿ ಮೇಷ್ಟ್ರು ನಾನು, ಏನು ವಾದ ಮಾಡಲಿ? ಪೂರ್ತಿ ಅಂಕ ಕೊಟ್ಟೆ.

ಗಂಗೆಯ ದಿಕ್ಕು

ಗಂಗೆ ಪೂರ್ವಕ್ಕೆ ಹರಿಯುತ್ತದೆ ಎಂದು ನಕಾಶೆ ತೋರಿಸಿದೆ. ನಮ್ಮೂರಲ್ಲಿ ಉತ್ತರಕ್ಕೆ ಎಂದು ಮಕ್ಕಳ ಹಟ. "ಬನ್ನಿ, ನೋಡೇ ಬಿಡೋಣ" ಎಂದು ಇಡೀ ತರಗತಿಯನ್ನು ಘಾಟಿಗೆ ಕರೆದೊಯ್ದು ನೀರಿಗೆ ಒಂದು ಚೆಂಡುಹೂ ಬಿಟ್ಟೆ. ಅದು ಮೆಟ್ಟಿಲ ಬಳಿಯ ಸುಳಿಗೆ ಸಿಕ್ಕಿ ನಿಂತಲ್ಲೇ ಗಿರಗಿರ ತಿರುಗತೊಡಗಿತು.

ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು, "ಗಂಗಾಮಾಯಿ ಎಲ್ಲಿಗೂ ಹೋಗಲ್ಲ ಬೇಟಾ, ಇಲ್ಲೇ ಇರ್ತಾಳೆ" ಅಂದಳು. ನಲವತ್ತು ಮಕ್ಕಳೂ ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಅಜ್ಜನ ಕೈಬರಹ

ಕೊನೆಗೂ ಇನ್ಸ್‌ಪೆಕ್ಟರ್ ಬಂದರು, ಲಖನೌ ಕಡೆಯವರು. ಅವತ್ತಿನ ಪಾಠ ಇತಿಹಾಸದ ಆಧಾರಗಳು. ಬಾಯಿಮಾತಿಗಿಂತ ಬರಹವನ್ನೇ ನಂಬಬೇಕು ಎಂದು ವಾರವಿಡೀ ಮಕ್ಕಳ ತಲೆಗೆ ತುಂಬಿದ್ದೆ. ಬಾಯಿಮಾತಿಗೆ ಉದಾಹರಣೆಯಾಗಿ ನಮ್ಮ ಮನೆಯದನ್ನೇ ಕೊಟ್ಟಿದ್ದೆ. ಕಾಶಿಗೆ ಬಂದವರು ತಮಗೆ ಇಷ್ಟವಾದದ್ದೊಂದನ್ನು ಇಲ್ಲೇ ಬಿಟ್ಟು ಹೋಗಬೇಕಲ್ಲ, ನಮ್ಮಜ್ಜ ಬದನೆಕಾಯಿ ಬಿಟ್ಟರಂತೆ. ಅಂದಿನಿಂದ ಅದು ನಮ್ಮ ಅಡುಗೆಮನೆಯ ಹೊಸಿಲು ದಾಟಿಲ್ಲ. ಪಾಪ, ಅಮ್ಮನಿಗೆ ಬದನೆಕಾಯಿ ಅಂದರೆ ಪ್ರಾಣ. ಆ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷ ಬಾಯಿ ಕಟ್ಟಿದ್ದಳು.

"ಬರಹಕ್ಕೆ ಉದಾಹರಣೆ?" ಎಂದು ಇನ್ಸ್‌ಪೆಕ್ಟರ್ ಕೇಳಿದ್ದೇ ತಡ, ಪಂಡಾ ಮನೆತನದ ಹುಡುಗನೊಬ್ಬ ಎದ್ದು ನಿಂತ. ನಮ್ಮ ಕಡೆಯ ಯಾತ್ರಿಕರಿಗೆ ಪೂಜೆ ಮಾಡಿಸಿ ಅವರ ಹೆಸರು, ವಂಶ ಬರೆಸಿಟ್ಟುಕೊಳ್ಳುವುದು ಆ ಮನೆಯ ಕಸುಬು. ಚೀಲದಿಂದ ಉದ್ದನೆಯ ಹಳೇ ಪುಸ್ತಕ ತೆಗೆದ. "ಇದರಲ್ಲಿ ಮಾಸ್ಟರ್‌ಜಿಯ ಅಜ್ಜನ ಕೈಬರಹ ಇದೆ. ಹೆಸರು, ಊರು ಹಿಂದಿಯಲ್ಲಿದೆ. ಉಳಿದದ್ದು ಕನ್ನಡ, ನಮಗೆ ಓದಲು ಬರಲ್ಲ."

"ಓದಿ" ಅಂದರು ಇನ್ಸ್‌ಪೆಕ್ಟರ್.

ಮನಸ್ಸಿನಲ್ಲೇ ಓದಿಕೊಂಡೆ. ಪುಸ್ತಕ ಮುಚ್ಚಿದೆ.

"ಏನು ಬರೆದಿದ್ದಾರೆ?"

ಸುಳ್ಳು ಹೇಳಿದ್ದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಎದುರಿಗೆ ನನ್ನ ಪಾಠ ಕೇಳಿದ ನಲವತ್ತು ಮಕ್ಕಳು. ಕೆಲಸ ಹೋದರೆ ಹೋಗಲಿ ಎಂದು ಹಿಂದಿಯಲ್ಲಿ ಇದ್ದದ್ದನ್ನೇ ಹೇಳಿದೆ: "ನಾನು ಏನನ್ನೂ ಬಿಟ್ಟಿಲ್ಲ. ಮನೆಯಲ್ಲಿ ಬದನೆಕಾಯಿ ಬಿಟ್ಟೆ ಅನ್ನುತ್ತೇನೆ. ದಿನಾ ಅದರದೇ ಹುಳಿ ಉಂಡು ಸಾಕಾಗಿದೆ. ವಿಶ್ವನಾಥ ಕ್ಷಮಿಸಲಿ."

ಇನ್ಸ್‌ಪೆಕ್ಟರ್ ನಗಲಿಲ್ಲ. ವರದಿಯಲ್ಲಿ "ಕಾಯಂ ಮಾಡಬಹುದು" ಎಂದು ಬರೆದರು. ಹೊರಡುವಾಗ ಹುಡುಗನನ್ನು ಪಕ್ಕಕ್ಕೆ ಕರೆದು, "ಲಖನೌ ಕಡೆಯವರ ಪುಸ್ತಕವೂ ನಿಮ್ಮಲ್ಲಿದೆಯೇನು? ಇದ್ದರೆ ಶಾಲೆಗೆ ತರಬೇಡ" ಅಂದರು.

ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. ಕೆಲಸ ಕಾಯಂ ಆದ ಸುದ್ದಿ ಅವಳ ಕಿವಿಗೇ ಬೀಳಲಿಲ್ಲ. "ಮೂವತ್ತು ವರ್ಷ ಕಣೋ" ಅಂದಳು. ನನಗೆ ನಿಜಕ್ಕೂ ಸಂಕಟವಾಯಿತು. ಅವಳು ಎದ್ದು ಹೋಗಿ ಪಂಚಾಂಗ ತೆಗೆದಳು.

"ಮುಂದಿನ ತಿಂಗಳು ನಿಮ್ಮಜ್ಜನ ತಿಥಿ. ಬದನೆಕಾಯಿ ಹುಳಿನೇ ಮಾಡ್ತೀನಿ. ಬಂದು ಉಣ್ಣಲಿ."