ಬೆಂಕಿಕಡ್ಡಿ ಇಲ್ಲದ ಸವಾರಿ

“ಈ ಜೀಪಿನಲ್ಲಿ ಒಂದೇ ಒಂದು ಬೆಂಕಿಕಡ್ಡಿ ಇದ್ರೆ ನನ್ನ ಹೆಸರು ನೀಲಾವತಿ ಅಲ್ಲ!”

ರಾಮಕುಂಜದ ನಮ್ಮ ಅಂಗಳದಲ್ಲಿ ನಿಂತು ಹೀಗೆಂದು ಘೋಷಿಸಿದೆ. ಗಂಡ, ಮೊಮ್ಮಗಳು, ಜೀಪಿನ ಡ್ರೈವರು ಮೂವರೂ ಕೇಳಿದರು. ನಾನು ಶಾಲೆಗೆ ಹೋದದ್ದು ಕಡಿಮೆ, ಆದರೆ ಕಿವಿ ಮಾತ್ರ ಚುರುಕು. ಬಚ್ಚಲಿನ ಹಿಂದೆ ಕಡ್ಡಿ ಗೀರಿದರೆ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುವಾಗಲೂ ನನಗೆ ಕೇಳುತ್ತದೆ!

ಸಂಗತಿ ಇಷ್ಟೇ. ನಮ್ಮವರಿಗೆ, ಅಂದರೆ ಡೊಂಬಯ್ಯನವರಿಗೆ, ಪುತ್ತೂರಿನ ಡಾಕ್ಟರು ಎದೆಯ ಎಕ್ಸ್‌ರೇ ತೋರಿಸಿ, “ಇನ್ನು ಬೀಡಿ ಎಳೆದ್ರೆ ನನ್ನ ಹತ್ರ ಬರುದು ಬೇಡ” ಎಂದಿದ್ದರು. ಅಂದಿನಿಂದ ಇವರು ಬೀಡಿ ಬಿಟ್ಟಿದ್ದಾರಂತೆ. ಕೆಮ್ಮು ಬಿಡಲಿಲ್ಲ, ಅಂಗಿಯ ವಾಸನೆಯೂ ಬಿಡಲಿಲ್ಲ! ನನಗೆ ಈ ಮನುಷ್ಯ ಇನ್ನೂ ಬೇಕು. ಹಾಗಾಗಿ ಸಂಶಯವೇ ನನ್ನ ಈಗಿನ ಉದ್ಯೋಗ.

ಅವತ್ತು ಗುಂಡ್ಯದ ಆಚೆ, ಕಾಡಿನಂಚಿನಲ್ಲಿರುವ ನಮ್ಮ ಮೂಲ ನಾಗಬನಕ್ಕೆ ತಂಬಿಲದ ಪೂಜೆ ಕೊಡಲು ಹೊರಟಿದ್ದೆವು. ಹೊರಡುವ ಮೊದಲು ವಿಮಾನ ನಿಲ್ದಾಣದವರಿಗೂ ಸಾಧ್ಯವಾಗದ ತಪಾಸಣೆ ಮಾಡಿದೆ. ಇವರ ಮುಂಡಾಸು ಬಿಚ್ಚಿಸಿದೆ. ಕೊಡೆ ಕೊಡವಿದೆ. ಡ್ರೈವರ್ ಇಮ್ತಿಯಾಝನ ಲೈಟರನ್ನು ನಮ್ಮ ಕಿಟಕಿಯ ಮೇಲೆ ಇಡಿಸಿದೆ.

“ನಾನು ಎಂತ ಮಾಡಿದೆ ಅಕ್ಕ?” ಎಂದ ಪಾಪದವನು.

“ನೀನು ಮಾಡ್ಲಿಲ್ಲ. ಕೇಳಿದ್ರೆ ಕೊಡ್ತೀಯಲ್ಲ, ಅದಕ್ಕೆ!”

“ಅಜ್ಜಿ, ದೇವರ ದೀಪಕ್ಕಾದ್ರೂ ಬೇಡ್ವಾ?” ಎಂದಳು ಮೊಮ್ಮಗಳು ಸುರಕ್ಷಾ.

“ಭಟ್ರ ಹತ್ರ ಉಂಟು.”

ತಂಬಿಲ ಮುಗಿದ ಮೇಲೆ ಭಟ್ಟರ ಬೆಂಕಿಪೆಟ್ಟಿಗೆ ಭಟ್ಟರ ಚೀಲಕ್ಕೇ ಹೋಯಿತೆಂದು ಕಣ್ಣಾರೆ ನೋಡಿಕೊಂಡೇ ಜೀಪು ಹತ್ತಿದ್ದೆ. ಅವರು ಬೈಕಿನಲ್ಲಿ ಮುಂದೆ ಹೋದರು. ನಾವು ಹಿಂದೆ ಬಂದು, ಕಾಡಿನ ಏರಿನಲ್ಲಿ ನಿಂತೆವು. ಹೌದು, ನಿಂತೆವು! ಇಂಜಿನ್ ಆಫ್ ಆದದ್ದು ಮತ್ತೆ ಏಳಲಿಲ್ಲ, ಬ್ಯಾಟರಿ ಸತ್ತಿತ್ತು. ದೂಡಿದರೆ ಜೀಪು ಹಿಂದಕ್ಕೆ ಬರುತ್ತಿತ್ತು. ಮೊಬೈಲಿಗೆ ಸಿಗ್ನಲ್ ಇಲ್ಲ. ಸೂರ್ಯ ಗುಡ್ಡದ ಹಿಂದೆ ಜಾರುತ್ತಿದ್ದ.

ಇಮ್ತಿಯಾಝ್ ರಸ್ತೆಯಲ್ಲಿ ಬಗ್ಗಿ ಏನನ್ನೋ ನೋಡಿದವನು ಮೆಲ್ಲ ಹೇಳಿದ, “ಅಕ್ಕ, ಆನೆ ಲದ್ದಿ. ಬಿಸಿ ಉಂಟು. ಬೇಗ ಬೆಂಕಿ ಹಾಕ್ಬೇಕು.”

ಬೆಂಕಿ! ನಮ್ಮ ಬುಟ್ಟಿಯಲ್ಲಿ ಕರ್ಪೂರ ಇತ್ತು, ಬತ್ತಿ ಇತ್ತು, ಎಳ್ಳೆಣ್ಣೆ ಇತ್ತು, ತೆಂಗಿನಕಾಯಿ ಸುಲಿದ ನಾರು ಇತ್ತು. ಸುತ್ತ ಬೇಕಾದಷ್ಟು ಒಣ ಬಿದಿರು. ಉರಿಯುವಂಥದ್ದೆಲ್ಲ ಇತ್ತು, ಉರಿಸುವಂಥದ್ದನ್ನು ನಾನು ಮನೆಯಲ್ಲೇ ಬಿಡಿಸಿ ಬಂದಿದ್ದೆ!

ಸುರಕ್ಷಾ ಮೊಬೈಲಿನಲ್ಲಿ ಇಂಥದ್ದನ್ನು ನೋಡಿದವಳು. “ಅಜ್ಜಿ, ನಿಮ್ಮ ಕನ್ನಡಕ ಕೊಡಿ. ಬಿಸಿಲು ಹಿಡಿದ್ರೆ ಬೆಂಕಿ ಬರ್ತದೆ.”

“ಬಿಸಿಲು ಎಲ್ಲುಂಟು ಮಗಾ?”

ಅವಳು ಮೇಲೆ ನೋಡಿ ಕನ್ನಡಕ ವಾಪಸು ಕೊಟ್ಟಳು. ಮತ್ತೆ ಟಾರ್ಚಿನ ಸೆಲ್ಲು ತೆಗೆದು, ಬುಟ್ಟಿಯಲ್ಲಿದ್ದ ಪಾತ್ರೆ ತಿಕ್ಕುವ ಸ್ಟೀಲ್ ಗುಂಜಿಗೆ ತಾಗಿಸಿದಳು. “ಕೂದಲಿನ ಹಾಗೆ ಸಪೂರದ್ದಾದ್ರೆ ಹಿಡೀತದೆ. ಇದು ದಪ್ಪ ಆಯ್ತು” ಎಂದು ಅದನ್ನೂ ಬಿಟ್ಟಳು. ಇಮ್ತಿಯಾಝ್ ಎರಡು ಬಿದಿರು ತುಂಡು ತಿಕ್ಕಿ ತಿಕ್ಕಿ ಬೆವರಿದ. ಬಿದಿರಿಗಿಂತ ಅವನೇ ಬೇಗ ಹೊತ್ತಿಕೊಳ್ಳುವನೋ ಎಂದು ನನಗೆ ಹೆದರಿಕೆ!

ಇಷ್ಟೆಲ್ಲ ಆಗುವಾಗ ನಮ್ಮವರು ಎಂತ ಮಾಡುತ್ತಿದ್ದರು? ನನ್ನ ಪಕ್ಕ ಬಂದು, “ನಿನ್ನ ಎಲೆ ಚೀಲ ಕೊಡು. ಒಂದು ಎಲೆ ಮಡಚಿ ಕೊಡ್ತೇನೆ” ಎನ್ನುತ್ತಿದ್ದರು.

“ಈಗ ಎಲೆಯಾ ಮಾರಾಯ್ರೆ? ಆನೆ ಬರ್ತಾ ಉಂಟು!”

“ಎಲೆ ಹಾಕಿದ್ರೆ ಧೈರ್ಯ ಬರ್ತದೆ.”

ನನ್ನ ಎಲೆ ಚೀಲ ಸದಾ ಸೊಂಟದಲ್ಲೇ ಇರುತ್ತದೆ. ಎಲೆ, ಅಡಿಕೆ, ಸುಣ್ಣ, ಸ್ವಲ್ಪ ಹೊಗೆಸೊಪ್ಪು. ಡಾಕ್ಟರು ಹೊಗೆಸೊಪ್ಪಿನ ಬಗ್ಗೆಯೂ ಏನೋ ಹೇಳಿದ್ದರು, ಆ ಹೊತ್ತಿಗೆ ನನ್ನ ಚುರುಕು ಕಿವಿ ಸ್ವಲ್ಪ ಮಂದವಾಗಿತ್ತು. ಬೀಡಿ ಬಿಟ್ಟ ಮೇಲೆ ಇವರಿಗೆ ನನ್ನ ಮೇಲೆ ಪ್ರೀತಿ ಉಕ್ಕಿತ್ತು. ದಿನಾ ಚೀಲವನ್ನು ಅವರೇ ಅಂಗಳದಾಚೆ ಒಯ್ದು, ಎಲೆ ಒರೆಸಿ, ಸುಣ್ಣ ಹಚ್ಚಿ, ಮಡಚಿ ತಂದು ಬಾಯಿಗೆ ಕೊಡುತ್ತಿದ್ದರು. ನಾನು ಚೀಲಕ್ಕೆ ಕೈ ಹಾಕುವುದನ್ನೇ ಬಿಟ್ಟಿದ್ದೆ. ನೆರೆಮನೆಯವರಿಗೆಲ್ಲ ಹೇಳಿಕೊಂಡು ಬೀಗಿದ್ದೆ ಕೂಡ!

“ಕೊಡು ಮಾರಾಯ್ತಿ” ಎಂದರು ಮತ್ತೆ.

“ಸುಮ್ಮನೆ ಕೂತ್ಕೊಳ್ಳಿ!”

ಆಗ ಫಡ್ ಎಂದು ಬಿದಿರು ಮುರಿಯಿತು. ಹತ್ತಿರದಲ್ಲೇ! ಮತ್ತೊಂದು. ಆಮೇಲೆ ದೊಡ್ಡದೊಂದು ಉಸಿರು. ಸುರಕ್ಷಾ ನನ್ನನ್ನು ತಬ್ಬಿಕೊಂಡಳು.

ಇವರು ಒಂದೇ ನೆಗೆತಕ್ಕೆ ನನ್ನ ಸೊಂಟದಿಂದ ಚೀಲ ಕಿತ್ತರು. ಎಲೆ ಚೆಲ್ಲಿತು, ಅಡಿಕೆ ಉರುಳಿತು. ಅಡಿಯಿಂದ ಒಂದು ಪ್ಲಾಸ್ಟಿಕ್ ತೊಟ್ಟೆ ಬಂತು. ತೊಟ್ಟೆಯೊಳಗೆ ಬೀಡಿಕಟ್ಟು. ಅದರ ಬೆನ್ನಿಗೇ ಬೆಚ್ಚಗೆ ಒಣಗಿದ್ದ ಬೆಂಕಿಪೆಟ್ಟಿಗೆ!

ಒಂದೇ ಕಡ್ಡಿ. ಕರ್ಪೂರ ಹಿಡಿಯಿತು, ಎಣ್ಣೆಬತ್ತಿ ಹಿಡಿಯಿತು, ನಾರು ಹಿಡಿಯಿತು, ಬಿದಿರು ಪಟಪಟ ಸಿಡಿಯಿತು. ಕತ್ತಲಲ್ಲಿ ಒಂದು ಗುಡ್ಡವೇ ತಿರುಗಿ ನಡೆದಂತೆ ಸದ್ದಾಗಿ, ಮೆಲ್ಲ ದೂರವಾಯಿತು.

ಎಲ್ಲರೂ ಉಸಿರು ಬಿಟ್ಟೆವು. ಇವರು ಬಿಟ್ಟದ್ದು ಹೊಗೆ! ಕೊಳ್ಳಿಯಿಂದ ಬೀಡಿ ಹಚ್ಚಿಯಾಗಿತ್ತು.

“ಆರಿಸಿ ಅದನ್ನು!” ಎಂದು ಕಿರುಚಿದೆ.

“ಯಾವುದನ್ನು? ಬೆಂಕಿಯನ್ನಾ?” ಎಂದರು ಶಾಂತವಾಗಿ.

“ಇಷ್ಟು ಹೊತ್ತು ಯಾಕೆ ಹೇಳ್ಲಿಲ್ಲ? ನಮ್ಮನ್ನು ಆನೆಗೆ ಕೊಡುದು ಅಂತ ಇದ್ರಾ?”

“ಆನೆ ಒಂದೇ ಸಲ ತುಳೀತದೆ ಮಾರಾಯ್ತಿ. ನೀನು ದಿನಾ!”

ಇಮ್ತಿಯಾಝ್ ನಗು ತಡೆಯಲಾಗದೆ ಜೀಪಿನ ಹಿಂದೆ ಹೋದ. ಸುರಕ್ಷಾ ನೆಲದಿಂದ ಬೀಡಿಕಟ್ಟನ್ನೂ ನನ್ನ ಹೊಗೆಸೊಪ್ಪನ್ನೂ ಹೆಕ್ಕಿ, ಎರಡನ್ನೂ ಒಟ್ಟಿಗೆ ಬೆಂಕಿಗೆ ಹಾಕಿದಳು. “ಒಂದೇ ಚೀಲದಲ್ಲಿ ಇದ್ದದ್ದಲ್ವಾ ಅಜ್ಜಿ, ಒಟ್ಟಿಗೇ ಹೋಗ್ಲಿ” ಎಂದಳು. ಊರಿನ ಎಲ್ಲದರ ಮೇಲೂ ಸಂಶಯಪಟ್ಟವಳು ಗಂಡನ ಪ್ರೀತಿಯೊಂದನ್ನೇ ತಪಾಸಣೆ ಮಾಡದೆ ಬಿಟ್ಟಿದ್ದೆ!

ಆ ಬೆಳಕು ಕಂಡೇ ಒಂದು ಪಿಕಪ್ ನಿಂತು, ನಮ್ಮ ಜೀಪಿಗೆ ಜೀವ ಕೊಟ್ಟಿತು.

ಮರುದಿನ ಬೆಳಗ್ಗೆ ಎಲೆಯೂ ಇಲ್ಲದೆ, ಬೀಡಿಯೂ ಇಲ್ಲದೆ ಜಗಲಿಯ ಎರಡು ಬದಿಯಲ್ಲಿ ಕುಳಿತಿದ್ದೆವು. ಇವರು ಗಂಟಲು ಸರಿಮಾಡಿಕೊಂಡರು.

“ಓಯ್, ಒಂದು ಕೇಳ್ಲಾ?”

“ಎಂತ?”

“ಜೀಪಿನಲ್ಲಿ ಬೆಂಕಿಕಡ್ಡಿ ಇತ್ತಲ್ಲ. ಹಾಗಾದ್ರೆ ಇನ್ನು ನಿನ್ನನ್ನು ಎಂತ ಹೇಳಿ ಕರೆಯುದು?”