ನೀರುಳ್ಳಿಯಿಂದ ಮೂತ್ರಪಿಂಡದವರೆಗೆ

ನಮ್ಮ ಸೋದರಮಾವನಂಥವರು ಇಡೀ ಮುಂಬಯಿಯಲ್ಲಿ ಇನ್ನೊಬ್ಬರಿಲ್ಲ. ಒಂದೇ ನೀರುಳ್ಳಿಯಲ್ಲಿ ಮದುವೆಯೂಟ ಮುಗಿಸಬಲ್ಲ ಕೈ ಅವರದು!

ಪರೇಲಿನ ಉಡುಪಿ ಹೋಟೆಲೊಂದರಲ್ಲಿ ಅವರಿಗೆ ತರಕಾರಿ ಹೆಚ್ಚುವ ಕೆಲಸ. ಅಲ್ಲಿಗೆ ಊಟಕ್ಕೆ ಬರುತ್ತಿದ್ದ ಮೆಡಿಕಲ್ ಕಾಲೇಜಿನ ಡಾಕ್ಟರೊಬ್ಬರು ಒಂದು ದಿನ ತಟ್ಟೆಯ ನೀರುಳ್ಳಿ ಬಿಲ್ಲೆಯನ್ನು ಕಣ್ಣಿಗೆ ಹಿಡಿದು, ಅದರ ಮೂಲಕವೇ ಗೋಡೆಯ ಬೋರ್ಡು ಓದಿಬಿಟ್ಟರು. ಮರುವಾರವೇ ಮಾವ ಅವರ ಪ್ರಯೋಗಾಲಯದ ನೌಕರ! ಸತ್ತವರ ಅಂಗಾಂಗದ ತುಣುಕುಗಳನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಬೇಕು. ಮೀನನ್ನೂ ಮುಟ್ಟದ ಮನುಷ್ಯ ಇದನ್ನು ಒಪ್ಪಿದ್ದು ಹೇಗೆ?

"ಮುಟ್ಟುವುದು ಎಲ್ಲಿ ಮಾರಾಯ? ನಡುವೆ ಮೇಣ ಉಂಟಲ್ಲ!"

ದಾದರಿನಲ್ಲಿ ಲೋಕಲ್ ರೈಲು ಹತ್ತಿದಾಗ ಯಾರಾದರೂ ಕೆಲಸವೇನೆಂದು ಕೇಳಿದರೆ, "ಆದ್ಮಿ ಕಾಟ್ತಾ ಹೂಂ", ಮನುಷ್ಯರನ್ನು ಕೊಯ್ಯುತ್ತೇನೆ, ಎನ್ನುತ್ತಿದ್ದರು. ಇಡೀ ಬೆಂಚು ಖಾಲಿ! ವಿಲೆ ಪಾರ್ಲೆಯ ನಮ್ಮ ಮನೆಗೆ ಆರಾಮವಾಗಿ ಕೂತೇ ಬರುತ್ತಿದ್ದರು.

ಡಾಕ್ಟರು ಹುಡುಕುತ್ತಿದ್ದುದು ರಕ್ತದೊತ್ತಡ ಏರಿಸುವ ಒಂದು ಕಿಣ್ವವನ್ನು. ಅದು ಮೂತ್ರಪಿಂಡದಲ್ಲಿದೆ ಎಂಬುದು ಗೊತ್ತಿತ್ತು. ಯಾವ ಮೂಲೆಯಲ್ಲಿ ಎಂಬುದು ಆ ಕಾಲಕ್ಕೆ ಇನ್ನೂ ಗೊತ್ತಿರಲಿಲ್ಲ. ನಮ್ಮಮ್ಮನಿಗೆ, ಅಂದರೆ ಮಾವನ ಅಕ್ಕನಿಗೆ, ಬೀಪಿ ವಿಪರೀತ. ಉಪ್ಪು ಬಿಟ್ಟದ್ದಾಯಿತು, ಕೊಟ್ಟ ಮದ್ದೆಲ್ಲ ನುಂಗಿದ್ದಾಯಿತು, ಯಾವುದೂ ಹಿಡಿಯಲಿಲ್ಲ.

"ಮೂತ್ರಪಿಂಡ ಅಂದರೆ ಮುಷ್ಟಿಯಷ್ಟಿಲ್ಲ, ಅದರಲ್ಲಿ ಹುಡುಕಲಿಕ್ಕೆ ಇಷ್ಟು ವರ್ಷ ಬೇಕಾ?" ಎಂದು ಅಮ್ಮ ಕೆಣಕುತ್ತಿದ್ದಳು.

"ಅಕ್ಕ, ಅದರೊಳಗೆ ದಾದರಿಗಿಂತ ಹೆಚ್ಚು ಗಲ್ಲಿಗಳುಂಟು!"

ಒಂದು ಭಾನುವಾರ ಮಾವ ಮೆಟ್ಟಿಲಿನಿಂದಲೇ ಕೂಗುತ್ತಾ ಬಂದರು. "ಸಿಕ್ಕಿತು ಅಕ್ಕ! ನಾನು ಕೊಯ್ದು ಅಂಟಿಸಿದ ಪಟ್ಟಿಯಲ್ಲೇ ಕಾಳುಕಾಳಾಗಿ ಕಾಣ್ತದೆ. ರಕ್ತ ಒಳಗೆ ಬರುವ ಸಣ್ಣ ನಾಳದ ಬಾಗಿಲಲ್ಲೇ ಕೂತುಂಟು, ಗಲ್ಲಾಪೆಟ್ಟಿಗೆಯ ಮುಂದೆ ಹೋಟೆಲ್ ಯಜಮಾನ ಕೂತ ಹಾಗೆ! ಗಿರಾಕಿ ಕಮ್ಮಿಯಾದ ಹಾಗೆ ಬರುವ ರಕ್ತ ಕಮ್ಮಿಯಾದರೆ ಅಲ್ಲಿಂದಲೇ ಬೊಬ್ಬೆ. ಆ ಬೊಬ್ಬೆಗೇ ಬೀಪಿ ಏರುವುದು. ಡಾಕ್ಟರಿಗೂ ಹಾಗೇ ತೋರ್ತದೆ."

"ಹಾಗಾದರೆ ಇನ್ನು ಮದ್ದು ಬರ್ತದಾ?"

ಮಾವ ಅಮ್ಮನ ಕಾಲಬುಡದಲ್ಲಿ ನೆಲಕ್ಕೆ ಕೂತರು. "ಬರ್ತದೆ ಅಕ್ಕ. ತುಂಬಾ ವರ್ಷ ಹಿಡೀತದಂತೆ. ಅಷ್ಟರವರೆಗೆ ನೀನು..."

ಅಮ್ಮ ಅವರ ತಲೆ ನೇವರಿಸಿದಳು. "ನೀನು ಇಷ್ಟು ದಿನ ಕೊಯ್ದದ್ದೂ ಯಾರದ್ದೋ ಅಕ್ಕನದ್ದೇ ಅಲ್ವಾ? ನನಗಾಗದಿದ್ದರೆ ಇನ್ನೊಬ್ಬಳಿಗೆ ಆಗ್ತದೆ. ನಾನು ಹೋದೆ ಅಂತ ಕೆಲಸ ಬಿಡಬೇಡ."

ಮರುವರ್ಷ ಅಮ್ಮ ಹೋದಳು. ಹದಿಮೂರು ದಿನ ಕಳೆದ ಮರುದಿನವೇ ಮಾವ ಕೆಲಸಕ್ಕೆ ಹೊರಟರು. ನಾನು ಸ್ಟೇಷನ್ನಿನವರೆಗೆ ಹೋದೆ. ಲೋಕಲ್ ಬಂದು ನಿಂತರೂ, ಹತ್ತುವ ಕೊನೆಯ ಕ್ಷಣದವರೆಗೂ ಅವರು ನನ್ನ ಕೈ ಬಿಡಲಿಲ್ಲ.