ಅತ್ತೆ ಆನೆ ಕೊಂದದ್ದು

ಬೆಳಗಿನ ತಿಂಡಿಗೆ ಮುಂಚೆ ಮೂರು ರಾಕ್ಷಸರನ್ನಾದರೂ ಕೊಲ್ಲದಿದ್ದರೆ ನಮ್ಮ ಸೋದರತ್ತೆಗೆ ಅಕ್ಕಿರೊಟ್ಟಿ ಸೇರುವುದಿಲ್ಲ! ವನಗೂರಿನ ಕಾಫಿ ತೋಟಕ್ಕೆ ರಾಕ್ಷಸರು ಎಲ್ಲಿಂದ ಬಂದರು ಅನ್ನುತ್ತೀರಾ? ಕಂಪ್ಯೂಟರಿನಿಂದ. ಊರೂರಿನವರು ಯೋಧರೂ ಮಂತ್ರವಾದಿಗಳೂ ಆಗಿ, ಇಲ್ಲದ ರಾಜ್ಯವೊಂದರಲ್ಲಿ ಒಟ್ಟಿಗೆ ಅಲೆಯುವ ಆನ್‌ಲೈನ್ ಆಟ. ಅದರಲ್ಲಿ ಅತ್ತೆ ದಳಪತಿ.

ಹೋದ ಮಳೆಗಾಲವೋ ಅದರ ಹಿಂದಿನದೋ (ನನ್ನ ನೆನಪನ್ನು ನಾನೇ ನಂಬುವುದಿಲ್ಲ) ತೋಟದ ಇಳಿಜಾರಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. "ಸಮತಟ್ಟು ಜಾಗದಲ್ಲಿ ಮಾತ್ರ ಓಡಾಡಿ" ಎಂದರು ಡಾಕ್ಟರು. ನಮ್ಮ ಕಡೆ ಸಮತಟ್ಟು ಎಂದರೆ ಕಾಫಿ ಒಣಗಿಸುವ ಕಣ ಒಂದೇ! ವಾಕರ್ ಹಿಡಿದು ಅದನ್ನೇ ಸುತ್ತಿ ಸುತ್ತಿ ಅತ್ತೆ ಮಾತು ಕಮ್ಮಿ ಮಾಡಿದ್ದರು. ಆಗ ಯಾರೋ ಈ ಆಟ ತೋರಿಸಿದರು. ನಾನೇ ಇರಬೇಕು. ಮಾವನ ಎದುರು ಮಾತ್ರ ಅದು ನೆನಪಾಗುವುದಿಲ್ಲ.

ಆಮೇಲೆ ಬಾಯಿ ಬಂತು ನೋಡಿ! ತಂಡದವರಿಗೆ ತೋಟದ ಆಳುಗಳಂತೆ ದಿನಾ ಹಾಜರಿ.

"ಏನಪ್ಪಾ ಹುಬ್ಬಳ್ಳಿ ಮಂತ್ರವಾದಿ, ಈಗ ಬತ್ತಿದೀಯಾ? ಅರ್ಧ ದಿನ ಕಣೋ ನಿಂಗೆ!"

ಆಟದ ಮಾಯಾಕಾಡು ಕಂಡರೆ ನನ್ನ ಹತ್ತಿರ ದೂರು: "ಇಷ್ಟು ಮರ ಐತೆ, ಒಂದು ಮೆಣಸಿನ ಬಳ್ಳಿ ಹಬ್ಸಿಲ್ವಲ್ಲೇ ಇವ್ರು!"

ಆಮೇಲೆ ಆನೆ ಪ್ರಕರಣ. ಕಾಡಾನೆ ಎಲ್ಲಿದೆ ಎಂದು ತಿಳಿಸಲು ನಮ್ಮೂರಿನವರದೊಂದು ವಾಟ್ಸ್‌ಆ್ಯಪ್ ಗುಂಪಿದೆ. ಶತ್ರುಸೈನ್ಯದ ಆನೆಗಳು ಬಂದಾಗ ಅತ್ತೆ ಆಟದ ತಂಡಕ್ಕೆ ಕಳಿಸಬೇಕಾದ ಧ್ವನಿಸಂದೇಶವನ್ನು ಅವಸರದಲ್ಲಿ ಈ ಊರಿನ ಗುಂಪಿಗೆ ಕಳಿಸಿದರು:

"ಎರಡು ಆನೆ ಸೇತುವೆ ದಾಟ್ತಾ ಅವೆ! ಯಾರೂ ಆ ಕಡೆ ಹೋಗ್ಬೇಡಿ, ನಾನು ಕತ್ತಿ ತಗೊಂಡು ಹೊಂಟೆ!"

ಕಾಫಿ ಕೊಯ್ಲು ನಿಂತಿತು. ಜೀಪುಗಳು ಹಿಂದಿರುಗಿದವು. (ಎಷ್ಟು ಜೀಪು? ನಾನು ಹೇಳಿದ ಪ್ರತಿ ಸಲವೂ ಒಂದು ಹೆಚ್ಚುತ್ತದೆ.) ಅರಣ್ಯ ಸಿಬ್ಬಂದಿ ಪಟಾಕಿ ಹಿಡಿದು ಓಡಿ ಬಂದರು.

"ಆನೆ ಎಲ್ಲಮ್ಮಾ?"

"ಹೊಡೆದಾಕ್ಬುಟ್ಟೆ ಕಣಪ್ಪಾ, ಎರಡನ್ನೂವೆ!"

ಆನೆ ಕೊಂದೆನೆಂದು ಅರಣ್ಯ ಸಿಬ್ಬಂದಿಗೇ ಹೆಮ್ಮೆಯಿಂದ ಹೇಳಿದವರು ಇನ್ನಾರಿದ್ದಾರೆ!

ಮಾವ ಕೆಂಡವಾದರು. "ಊರೆಲ್ಲ ನಗ್ತೈತೆ. ಇವತ್ತೇ ನೆಟ್ ತೆಗೆಸ್ತೀನಿ. ನೀನು ಓದಿದೋಳು, ಬುದ್ಧಿ ಹೇಳು."

ಭ್ರಮೆ, ವಾಸ್ತವ ಎಂದೆಲ್ಲ ಸಿದ್ಧವಾಗಿ ಒಳಗೆ ಹೋದೆ. ಅತ್ತೆ ತಿರುಗಿ ನೋಡಲಿಲ್ಲ. ತೆರೆಯ ಮೇಲೆ ರಾಕ್ಷಸರೂ ಇರಲಿಲ್ಲ, ತಂಡವೂ ಇರಲಿಲ್ಲ. ಅವರ ಯೋಧೆ ಒಬ್ಬಳೇ ಇಳಿಜಾರಿನಲ್ಲಿ ಓಡುತ್ತಿದ್ದಳು. ಹಳ್ಳ ಹಾರಿದಳು, ಮತ್ತೆ ಗುಡ್ಡ ಹತ್ತಿದಳು.

"ಯುದ್ಧ ಇಲ್ವಾ ಅತ್ತೆ?"

"ದಿನಾ ಎಲ್ಲಾ ಮುಗಿದ್ಮೇಲೆ ಹಿಂಗೆ ಒಂದು ಸುತ್ತು ಕಣೇ. ಇದನ್ನೂ ತೆಗೆದುಬುಟ್ರೆ ನಂಗೆ ಕಣವೇ ಗತಿ."

ಭಾಷಣ ಬಿಟ್ಟು ನಾನೂ ತೆರೆ ನೋಡುತ್ತ ಕುಳಿತೆ. ಬಾಗಿಲಲ್ಲಿ ಮಾವ ಯಾವಾಗ ಬಂದು ನಿಂತಿದ್ದರೋ.

"ಸೊಂಟ ನೋಯಲ್ವೇನೇ ಅಲ್ಲಿ?"

"ಇಲ್ಲ ಕಣ್ರೀ."

ಅವರು ನನ್ನ ಲ್ಯಾಪ್‌ಟಾಪ್ ಎಳೆದುಕೊಂಡು ಕುಳಿತರು. "ಇದ್ರಾಗೂ ಅದು ಬತ್ತದಾ? ಹಾಕಿಕೊಡು ಮತ್ತೆ."

ಮಾವನ ಯೋಧ ಹುಟ್ಟಿದ ತಕ್ಷಣ ಮರಕ್ಕೆ ಗುದ್ದಿದ, ಆಮೇಲೆ ಹಳ್ಳಕ್ಕೆ ಬಿದ್ದ. ಆಗ ಮಾವನ ಕಣ್ಣು ಒದ್ದೆಯಾಗಿತ್ತೆಂದು ಬರೆಯುವ ಆಸೆ ನನಗಿದೆ; ಆದರೆ ನಾನು ನೋಡುತ್ತಿದ್ದದ್ದು ತೆರೆಯನ್ನು. ಗುಡ್ಡದ ನೆತ್ತಿಯಲ್ಲಿ ಅತ್ತೆ ನಿಂತು, ಹಿಂದಿರುಗಿ ನೋಡುತ್ತಿದ್ದರು.

"ನಿಧಾನಕ್ಕೆ ಹತ್ತಿ ಬನ್ನಿ ಮಾರಾಯ್ರೇ, ನಿಂತಿರ್ತೀನಿ."